ಬಿಸಿಲು ಎಲ್ಲಿ ಸೋರುತ್ತದೆ? ಓದುಗರ ಪ್ರಶ್ನೆ, ನಮ್ಮ ಉತ್ತರ

ಹೋದ ಸಂಚಿಕೆಯಲ್ಲಿ ಪೆರೋವ್‌ಸ್ಕೈಟ್ ಎಂಬ ಬಗೆಯ ಹರಳಿನಿಂದ ಮಾಡುವ, ಬಿಸಿಲನ್ನು ಕರೆಂಟಾಗಿಸುವ ಸೌರಕೋಶಗಳ ಮೇಲೆ ನಾನು ಪಿಎಚ್.ಡಿ. ಮಾಡಿದ ಕಥೆಯನ್ನು ಅರ್ಧ ಪುಟ ಬರೆದಿದ್ದೆ. ನಮ್ಮ ಜಿಲ್ಲೆಯಿಂದಲೇ ಇಷ್ಟೊಂದು ಪತ್ರ ಬರುತ್ತವೆ ಅಂದುಕೊಂಡಿರಲಿಲ್ಲ. ಕೆಲವನ್ನು ಆರಿಸಿಕೊಂಡಿದ್ದೇನೆ. "ಇಷ್ಟೆಲ್ಲ ಓದಿ ಈಗ ನಿಮಗೆ ಸಂಬಳ ಎಷ್ಟು?" ಎಂದು ಕೇಳಿದ ಇಬ್ಬರು ಮನ್ನಿಸಬೇಕು.

ಕುಮಟಾದಿಂದ ಒಬ್ಬ ತಂದೆ: ಮಗಳು ಎಂ.ಎಸ್ಸಿ. ಫಿಸಿಕ್ಸ್ ಮುಗಿಸಿದ್ದಾಳೆ. ಪೆರೋವ್‌ಸ್ಕೈಟ್ ಸೌರಕೋಶದ ದಕ್ಷತೆ ಹೆಚ್ಚಿಸುವ ವಿಷಯದಲ್ಲಿ ಪಿಎಚ್.ಡಿ. ಸೀಟು ಸಿಕ್ಕಿದೆ. ಐದು ವರ್ಷ ಬೇಕಂತೆ. ಒಂದೆರಡು ಪರ್ಸೆಂಟ್ ಜಾಸ್ತಿ ಮಾಡಲು ಐದು ವರ್ಷವಾ? ಅಷ್ಟರಲ್ಲಿ ಬಿ.ಎಡ್. ಮುಗಿಸಿ ಕೆಲಸಕ್ಕೇ ಸೇರಬಹುದಲ್ವಾ?

ಸೇರಬಹುದು, ಅದೇನೂ ತಪ್ಪಲ್ಲ. ಆದರೆ ಆ ಒಂದೆರಡು ಪರ್ಸೆಂಟನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಜಪಾನಿನ ತ್ಸುತೊಮು ಮಿಯಾಸಾಕ ಅವರ ತಂಡ 2009ರಲ್ಲಿ ಈ ವಸ್ತುವಿನಿಂದ ಸೌರಕೋಶ ಮಾಡಿದಾಗ ದಕ್ಷತೆ ಶೇ. 3.8 ಇತ್ತು. ಬಿದ್ದ ಬಿಸಿಲಲ್ಲಿ ನೂರಕ್ಕೆ ನಾಲ್ಕು ಪಾಲು ಕೂಡ ಕರೆಂಟಾಗಲಿಲ್ಲ. ಅದೂ ನಿಮಿಷಗಳಲ್ಲಿ ಹಾಳಾಗುತ್ತಿತ್ತು, ಯಾಕೆಂದರೆ ಒಳಗೆ ತುಂಬಿದ್ದ ದ್ರವವೇ ಅದನ್ನು ಕರಗಿಸಿಬಿಡುತ್ತಿತ್ತು. 2012ರಲ್ಲಿ ಕೊರಿಯಾದ ನಾಮ್-ಗ್ಯು ಪಾರ್ಕ್ ಮತ್ತು ಆಕ್ಸ್‌ಫರ್ಡಿನ ಹೆನ್ರಿ ಸ್ನೇಯ್ತ್ ಅವರ ತಂಡಗಳು ದ್ರವ ತೆಗೆದು ಗಟ್ಟಿ ಪದರ ಹಾಕಿದ ಮೇಲೆ ಶೇ. 10ರ ಆಸುಪಾಸಿಗೆ ಬಂತು. ಈಗ ಶೇ. 26 ದಾಟಿದೆ. ನಮ್ಮ ಮನೆಗಳ ಮೇಲೆ ಕೂತಿರುವ ಸಿಲಿಕಾನ್ 1954ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಶೇ. 6ರಿಂದ ಹೊರಟು ಶೇ. 25 ಮುಟ್ಟಲು ನಲವತ್ತಕ್ಕೂ ಜಾಸ್ತಿ ವರ್ಷ ತೆಗೆದುಕೊಂಡಿತು. ಇದು ಹದಿನೈದೇ ವರ್ಷದಲ್ಲಿ ಆಗಿದೆ. ಮಾಡಿದ್ದು ಯಾರೋ ಒಬ್ಬ ಮಹಾಜ್ಞಾನಿ ಅಲ್ಲ, ನಿಮ್ಮ ಮಗಳಂಥ ಹುಡುಗ ಹುಡುಗಿಯರು, ಒಬ್ಬೊಬ್ಬರು ಅರ್ಧ ಪರ್ಸೆಂಟು, ಕಾಲು ಪರ್ಸೆಂಟು ಸೇರಿಸುತ್ತ ಬಂದಿದ್ದಾರೆ.

ಅವಳು ಮಾಡುವ ಕೆಲಸ ಏನು ಗೊತ್ತಾ? ಮಳೆಗಾಲಕ್ಕೆ ಮುಂಚೆ ಹಂಚು ಕೈಯಾಡಿಸಲು ಬರುವವನನ್ನು ನೆನಪು ಮಾಡಿಕೊಳ್ಳಿ. ನೀರು ಜಗಲಿಯಲ್ಲಿ ತೊಟ್ಟಿಕ್ಕುತ್ತದೆ, ಆದರೆ ಒಡೆದ ಹಂಚು ಅದರ ನೇರ ಮೇಲೆ ಇರುವುದೇ ಇಲ್ಲ. ರೀಪಿನ ಗುಂಟ ಹರಿದು ಎಲ್ಲಿಂದಲೋ ಬಂದಿರುತ್ತದೆ. ಸೌರಕೋಶದಲ್ಲೂ ಅಷ್ಟೇ. ಬೆಳಕು ಬಿದ್ದಾಗ ಒಂದು ಎಲೆಕ್ಟ್ರಾನ್ ತನ್ನ ಜಾಗ ಬಿಟ್ಟು ಏಳುತ್ತದೆ, ಅದು ಬಿಟ್ಟ ಖಾಲಿ ಜಾಗವೂ ಒಂದು ಕಣದಂತೆ ಓಡಾಡುತ್ತದೆ. ಎಲೆಕ್ಟ್ರಾನ್ ಒಂದು ಕಡೆ, ಖಾಲಿ ಜಾಗ ಇನ್ನೊಂದು ಕಡೆ ಹೊರಗೆ ಬಂದರೆ ಕರೆಂಟು. ನಡುದಾರಿಯಲ್ಲೇ ಎರಡೂ ಸೇರಿಕೊಂಡರೆ ಬಿಸಿಲಿನ ಶಕ್ತಿ ಸುಮ್ನೆ ಬಿಸಿಯಾಗಿ ಹೋಗುತ್ತದೆ. ಹರಳಿನಲ್ಲಿ ಅಣು ತಪ್ಪಿಹೋದ ಜಾಗ, ಹರಳು ಹರಳಿನ ನಡುವಿನ ಸಂದಿ, ಒಂದು ಪದರ ಇನ್ನೊಂದಕ್ಕೆ ತಾಗುವ ಅಂಚು, ಸೋರುವುದು ಇಲ್ಲೆಲ್ಲ. ಪದರದ ದಪ್ಪ ತಲೆಕೂದಲಿನ ನೂರನೇ ಒಂದು ಪಾಲು. ಅದರೊಳಗೆ ಸೋರುವ ಜಾಗ ಹುಡುಕಬೇಕು. ಮೊದಲ ವರ್ಷ ಕೋಶ ಮಾಡುವುದನ್ನು ಕಲಿಯಲಿಕ್ಕೇ ಹೋಗುತ್ತದೆ ಮಾರಾಯ್ರೇ.

ದುಡ್ಡಿನ ಮಾತು ಕೇಳಿಲ್ಲ, ಆದರೆ ಹೇಳಿಬಿಡುತ್ತೇನೆ. ನೆಟ್ ಪರೀಕ್ಷೆಯಲ್ಲಿ ಸಂಶೋಧನೆಗೆ ಕೊಡುವ ಫೆಲೋಶಿಪ್, ಅಂದರೆ ಜೆಆರ್‌ಎಫ್ ಸಿಕ್ಕರೆ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ಆಮೇಲೆ 42,000. ಈ ದರ 2023ರ ಜನವರಿಯಿಂದ ಬಂದದ್ದು. ತಡವಾಗಿ ಬರುವುದುಂಟು, ಮೂರು ತಿಂಗಳದ್ದು ಒಮ್ಮೆಗೇ ಬರುವುದೂ ಉಂಟು. ಮುಗಿದ ಕೂಡಲೇ ಕಾಯಂ ಕೆಲಸ ಕಾದು ಕೂತಿರುತ್ತದೆ ಎಂದು ನಾನು ಹೇಳುವುದಿಲ್ಲ. ಅವಳಿಗೆ ಒಂದೇ ಕೆಲಸವನ್ನು ನೂರು ಸಲ ಮಾಡುವ ತಾಳ್ಮೆ ಇದೆಯಾ ಎಂದು ಕೇಳಿ ನೋಡಿ. ಇದೆ ಅಂದರೆ ಕಳಿಸಿ.

ಹೊನ್ನಾವರದಿಂದ ಹತ್ತನೇ ತರಗತಿಯ ಹುಡುಗಿ: ಪೆರೋವ್‌ಸ್ಕೈಟ್ ಅಂದರೆ ಗಣಿಯಿಂದ ತೆಗೆಯುವುದಾ? ಮನೆಯಲ್ಲಿ ಮಾಡಬಹುದಾ?

ಹೆಸರು ಬಂದದ್ದು ಗಣಿಯ ಕಲ್ಲಿನಿಂದಲೇ. 1839ರಲ್ಲಿ ರಷ್ಯಾದ ಯೂರಲ್ ಬೆಟ್ಟಗಳಲ್ಲಿ ಸಿಕ್ಕ ಒಂದು ಖನಿಜವನ್ನು ಗುಸ್ತಾವ್ ರೋಸ್ ಎಂಬ ಜರ್ಮನ್ ವಿಜ್ಞಾನಿ ಗುರುತಿಸಿ, ಲೆವ್ ಪೆರೋವ್‌ಸ್ಕಿ ಎಂಬವರ ಹೆಸರಿಟ್ಟರು. ಅದು ಕ್ಯಾಲ್ಸಿಯಂ, ಟೈಟಾನಿಯಂ, ಆಕ್ಸಿಜನ್ ಸೇರಿದ ಕಲ್ಲು. ಸೌರಕೋಶದಲ್ಲಿ ಆ ಕಲ್ಲು ಇಲ್ಲವೇ ಇಲ್ಲ. ಅಣುಗಳು ಕೂತಿರುವ ಕ್ರಮ ಮಾತ್ರ ಅದೇ. ಬೇರೆ ಮೂರು ಬಗೆಯ ಕಣ ಹಾಕಿ ಅದೇ ನಮೂನೆಯ ಮನೆ ಕಟ್ಟಿದ ಹಾಗೆ. ಲೆಡ್ ಅಯೋಡೈಡ್ ಎಂಬ ಹಳದಿ ಪುಡಿ ಮತ್ತು ಇನ್ನೊಂದು ಬಿಳಿ ಉಪ್ಪನ್ನು ದ್ರಾವಕದಲ್ಲಿ ಕರಗಿಸಿ, ಗಾಜಿನ ಮೇಲೆ ಹರಡಿ, 100 ಡಿಗ್ರಿ ಬಿಸಿ ಮಾಡಿದರೆ ಕಣ್ಣೆದುರೇ ಕಪ್ಪು ಕನ್ನಡಿಯಂಥ ಪದರ ಆಗುತ್ತದೆ. ಎಷ್ಟು ಸಲ ನೋಡಿದರೂ ಬೇಸರ ಬರುವುದಿಲ್ಲ.

ಮನೆಯಲ್ಲಿ ಬೇಡ ಪುಟ್ಟಿ. ಸೀಸ ವಿಷ, ಆ ದ್ರಾವಕ ಚರ್ಮದ ಮೂಲಕವೇ ಒಳಗೆ ಇಳಿಯುತ್ತದೆ. ಎಂ.ಎಸ್ಸಿ.ವರೆಗೆ ಕಾದುಕೊ.

ಅಂಕೋಲಾ ಕಡೆಯ ಸಂಶೋಧನಾ ವಿದ್ಯಾರ್ಥಿ, ಎರಡನೇ ವರ್ಷ: ಪೇಪರುಗಳಲ್ಲಿ ಎಲ್ಲರೂ ಶೇ. 24, 25 ಅಂತಾರೆ. ಅದೇ ರೆಸಿಪಿ ಹಾಕಿದರೂ ನನ್ನದು ಶೇ. 14. ಸ್ಕ್ಯಾನ್ ಉಲ್ಟಾ ಮಾಡಿದರೆ, ಅಂದರೆ ವೋಲ್ಟೇಜನ್ನು ಎದುರು ದಿಕ್ಕಿನಲ್ಲಿ ಬದಲಿಸುತ್ತಾ ಅಳೆದರೆ, 11ಕ್ಕೆ ಇಳಿಯುತ್ತದೆ. ವೋಲ್ಟೇಜು 1.02, ಕರೆಂಟು ಚದರ ಸೆಂಟಿಮೀಟರಿಗೆ 21 ಮಿಲಿಆಂಪಿಯರ್, ಫಿಲ್ ಫ್ಯಾಕ್ಟರ್ (ವೋಲ್ಟೇಜು, ಕರೆಂಟು ಗುಣಿಸಿದರೆ ಬರುವ ಪವರಿನಲ್ಲಿ ನಿಜವಾಗಿ ಸಿಗುವ ಪಾಲು) 0.66. ಗೈಡು ಮಾತೇ ಆಡುತ್ತಿಲ್ಲ. ಬಿಟ್ಟುಬಿಡಲಾ?

ಬಿಡಬೇಡ ತಮ್ಮಾ. ನನ್ನ ಮೊದಲ ಕೋಶ ಶೇ. 2.6 ಕೊಟ್ಟಿತ್ತು, ಅದನ್ನೇ ಗೆಳೆಯರಿಗೆಲ್ಲ ತೋರಿಸಿಕೊಂಡು ಓಡಾಡಿದ್ದೆ.

14 ಎಂಬ ಮೊತ್ತವನ್ನು ನೋಡುತ್ತಾ ಕೂತರೆ ಏನೂ ಹೊಳೆಯುವುದಿಲ್ಲ. ಬಿಡಿಸಿ ನೋಡು. ನಿನ್ನ ಮೂರೂ ಅಂಕಿ ಗುಣಿಸಿದರೆ 14.1. ಒಳ್ಳೆಯ ಕೋಶದಲ್ಲಿ ವೋಲ್ಟೇಜು 1.17, ಕರೆಂಟು 25.5, ಫಿಲ್ ಫ್ಯಾಕ್ಟರ್ 0.85 ಇರುತ್ತವೆ ಅಂದುಕೊ, ಗುಣಿಸಿದರೆ 25.4. ಈಗ ಒಂದೊಂದನ್ನೇ ಹೋಲಿಸು. ವೋಲ್ಟೇಜಿನಲ್ಲಿ ನೀನು ನೂರಕ್ಕೆ ಹದಿಮೂರು ಹಿಂದಿದ್ದೀಯ, ಕರೆಂಟಿನಲ್ಲಿ ಹದಿನೆಂಟು, ಫಿಲ್ ಫ್ಯಾಕ್ಟರಿನಲ್ಲಿ ಇಪ್ಪತ್ತೆರಡು. ಹಾಗಾದರೆ ಮೊದಲು ಎಲ್ಲಿ ಕೈ ಹಾಕಬೇಕು ಗೊತ್ತಾಯ್ತಲ್ಲ. ಎಲ್ಲರೂ ಪೆರೋವ್‌ಸ್ಕೈಟ್ ಪದರದ ಹಿಂದೆಯೇ ಬೀಳುತ್ತಾರೆ, ಹೊಸ ಹೊಸ ಉಪ್ಪು ಬೆರೆಸುತ್ತಾರೆ, ತೂತು ಇರುವುದು ಮಾತ್ರ ಬೇರೆ ಕಡೆ.

ವೋಲ್ಟೇಜು, ಕರೆಂಟಿನ ಗ್ರಾಫ್ ತೆಗೆದು ಎರಡು ತುದಿ ನೋಡು. ವೋಲ್ಟೇಜು ಸೊನ್ನೆ ಇರುವ ಕಡೆ ಗೆರೆ ಇಳಿಜಾರಾಗಿದ್ದರೆ ಪದರದಲ್ಲಿ ಸೂಜಿತೂತುಗಳಿವೆ, ಕರೆಂಟು ಒಳಗೊಳಗೇ ದಾಟಿಹೋಗುತ್ತಿದೆ. ಇನ್ನೊಂದು ತುದಿಯಲ್ಲಿ ಗೆರೆ ಕಡಿದಾಗಿ ಇಳಿಯದೆ ಓರೆಯಾಗಿ ಮಲಗಿದ್ದರೆ ಯಾವುದೋ ಪದರ ಅಡ್ಡ ಕೂತಿದೆ, ಕರೆಂಟನ್ನು ಸುಲಭವಾಗಿ ಬಿಡುತ್ತಿಲ್ಲ. ಖಾಲಿ ಜಾಗಗಳನ್ನು ಹೊರಗೆ ಸಾಗಿಸುವ ಪದರಕ್ಕೆ ಸ್ಪೈರೋ ಎಂಬ ವಸ್ತು ಬಳಸುತ್ತಿದ್ದರೆ ನನ್ನ ಮೊದಲ ಅನುಮಾನ ಅದರ ಮೇಲೆಯೇ. ಅದನ್ನು ಹಾಕಿದ ಮೇಲೆ ಒಂದು ರಾತ್ರಿ ಒಣ ಗಾಳಿಯಲ್ಲಿ ಇಡಬೇಕು, ಆಕ್ಸಿಜನ್ ತಾಗಿದರೆ ಮಾತ್ರ ಅದು ಚೆನ್ನಾಗಿ ಕರೆಂಟು ಸಾಗಿಸುತ್ತದೆ. ನೈಟ್ರೋಜನ್ ತುಂಬಿದ ಪೆಟ್ಟಿಗೆಯೊಳಗೇ ಇಟ್ಟು ಮಾರನೇ ದಿನ ಮೇಲೆ ಕರೆಂಟು ಎಳೆಯುವ ಚಿನ್ನದ ಪದರ ಹಾಕಿದರೆ ನಿನ್ನ 0.66 ಬರುತ್ತದೆ.

ಸ್ಕ್ಯಾನ್ ಉಲ್ಟಾ ಮಾಡಿದಾಗ ಅಂಕಿ ಬೇರೆ ಬರುವುದಕ್ಕೆ ಒಳಗೆ ಅಯಾನುಗಳು ಮೆಲ್ಲಗೆ ಸರಿದಾಡುವುದು ಒಂದು ಮುಖ್ಯ ಕಾರಣ. ಅಂಚಿನ ಪದರ ಸರಿಯಿದ್ದರೆ ಇದು ಕಡಿಮೆಯಾಗುತ್ತದೆ. ಎರಡರಲ್ಲಿ ಜಾಸ್ತಿ ಬಂದದ್ದನ್ನೇ ಬರೆದುಕೊಳ್ಳುವ ಚಾಳಿ ಮಾಡಿಕೊಳ್ಳಬೇಡ. ಕೋಶವನ್ನು ಅತಿ ಹೆಚ್ಚು ಪವರ್ ಕೊಡುವ ವೋಲ್ಟೇಜಿನಲ್ಲಿ ಐದು ನಿಮಿಷ ಹಿಡಿದಿಟ್ಟು, ಕೊನೆಗೆ ನಿಂತ ಅಂಕಿಯನ್ನೇ ಬರೆ. ಪೇಪರಿನ ಶೇ. 25 ಅಂದರೆ ಬಹಳ ಸಲ ಆ ತಂಡದ ಅತಿ ಒಳ್ಳೆಯ ಒಂದೇ ಕೋಶದ್ದು, ಉಳಿದ ಕೋಶಗಳು ಎಷ್ಟು ಕೊಟ್ಟವು ಎಂದು ನೋಡಬೇಕಾದರೆ ಕೊನೆಯ ಪುಟಗಳನ್ನು ತಡಕಾಡಬೇಕು.

ವೋಲ್ಟೇಜಿಗೆ ನಾನು ಮಾಡುತ್ತಿದ್ದದ್ದು ಹೀಗೆ. ಬರೀ ಗಾಜಿನ ಮೇಲೆ ಪೆರೋವ್‌ಸ್ಕೈಟ್ ಹಾಕಿ ಅದು ಎಷ್ಟು ಹೊಳೆಯುತ್ತದೆ ಎಂದು ಅಳೆಯುತ್ತಿದ್ದೆ. ಲೇಸರ್ ಬೆಳಕು ಕೊಟ್ಟರೆ ಒಳ್ಳೆಯ ಪದರ ತಾನೂ ಕೆಂಪಗೆ ಹೊಳೆಯುತ್ತದೆ, ಸೋರುವ ಪದರ ಮಂಕಾಗಿರುತ್ತದೆ. ಆಮೇಲೆ ಕೆಳಗೆ ಎಲೆಕ್ಟ್ರಾನ್ ಸಾಗಿಸುವ ಟಿನ್ ಆಕ್ಸೈಡ್ ಪದರ ಇಟ್ಟು ಇನ್ನೊಂದು. ಮೇಲೆ ಸ್ಪೈರೋ ಹಾಕಿ ಮತ್ತೊಂದು. ಯಾವ ಪದರ ಸೇರಿಸಿದಾಗ ಹೊಳಪು ಬಿದ್ದುಹೋಯಿತೋ ಸೋರುವುದು ಅಲ್ಲಿ. ಹೊಳಪು ಹತ್ತು ಪಟ್ಟು ಕಡಿಮೆಯಾದರೆ ವೋಲ್ಟೇಜಿನಲ್ಲಿ ಸುಮಾರು 60 ಮಿಲಿವೋಲ್ಟ್ ಹೋಯಿತು ಎಂದೇ ಲೆಕ್ಕ. ನನ್ನದರಲ್ಲಿ ಪೂರ್ತಿ ನಷ್ಟ ಮೇಲಿನ ಅಂಚಿನಲ್ಲಿತ್ತು. ಅಲ್ಲಿ ಫೀನೆಥೈಲ್ ಅಮೋನಿಯಂ ಅಯೋಡೈಡ್ ಎಂಬ ಉಪ್ಪಿನ ತೆಳು ಲೇಪ ಕೊಟ್ಟೆ, ವೋಲ್ಟೇಜು ಮೇಲೆ ಬಂತು. ಥೀಸಿಸ್ಸಿನ ಮೂರನೇ ಅಧ್ಯಾಯ ಅಷ್ಟೇ.

ಕರೆಂಟಿಗೆ ಪದರದ ದಪ್ಪ ನೋಡು, ಬಿಸಿಲಿನ ಬದಲು ಬಳಸುವ ದೀಪದ ಅಳತೆ ಸರಿ ಇದೆಯಾ ನೋಡು.

ಇನ್ನೊಂದು, ಇದು ನನ್ನ ಮೈಮೇಲೆ ಬಂದದ್ದು. ಒಂದು ಜುಲೈಯಲ್ಲಿ ನಮ್ಮ ಲ್ಯಾಬಿನ ಗ್ಲೋವ್ ಬಾಕ್ಸ್ (ಗಾಳಿ, ತೇವ ತಾಗದಂತೆ ಒಳಗೆ ಕೈ ಹಾಕಿ ಕೆಲಸ ಮಾಡುವ ಪೆಟ್ಟಿಗೆ) ಕೆಟ್ಟು ಕೂತಿತು. ರಿಪೇರಿಯ ಫೈಲು ಮೇಜಿಂದ ಮೇಜಿಗೆ ಎರಡು ತಿಂಗಳು ತಿರುಗಿತು. ನಾನು ಹೊರಗಿನ ಗಾಳಿಯಲ್ಲೇ ಕೋಶ ಮಾಡುತ್ತಾ ಕೂತೆ. ಪದರ ಕನ್ನಡಿಯಂತಾಗುವ ಬದಲು ಬೂದಿ ಬಳಿದ ಹಾಗೆ ಮಂಕು. ಲೆಡ್ ಅಯೋಡೈಡೇ ಸರಿ ಇಲ್ಲ ಅಂದುಕೊಂಡು ಹೊಸ ಬಾಟಲಿ ತರಿಸಿದೆ, ಅದು ಬರಲು ಆರು ವಾರ, ಬಂದ ಮೇಲೂ ಅದೇ ಮಂಕು. ಊರಿಗೆ ಬಂದಿದ್ದಾಗ ಅಡುಗೆಮನೆಯಲ್ಲಿ ಉಪ್ಪಿನ ಮರಿಗೆ ನೋಡಿದೆ, ಉಪ್ಪು ನೀರೊಡೆದು ತಳದಲ್ಲಿ ನಿಂತಿತ್ತು. ಆಗ ತಲೆಗೆ ಹೋಯಿತು. ನಮ್ಮದೂ ಉಪ್ಪೇ ಅಲ್ವಾ! ವಾಪಸ್ ಹೋಗಿ ನೋಡಿದರೆ ಲ್ಯಾಬಿನ ತೇವಾಂಶ ಶೇ. 70. ಅವತ್ತಿನಿಂದ ಪ್ರತಿ ಬ್ಯಾಚಿನ ಮುಂದೆ ತೇವಾಂಶ ಬರೆಯುತ್ತಾ ಹೋದೆ. ನೀನೂ ಬರೆ. ಮೂರು ತಿಂಗಳಾದ ಮೇಲೆ ಒಂದು ಗ್ರಾಫ್ ಹಾಕಿ ಗೈಡಿನ ಮೇಜಿನ ಮೇಲಿಡು, ಮಾತಾಡುತ್ತಾರೆ.

ಹರಳು ಒಮ್ಮೆಗೇ ಹುಟ್ಟಿಸಲು ಹಾಕುವ ಕ್ಲೋರೋಬೆಂಜೀನ್ ಎಂಬ ದ್ರವವನ್ನು ಬಿಡುವ ಹೊತ್ತೂ ಮುಖ್ಯ. ಗಾಜು ನಿಮಿಷಕ್ಕೆ 4000 ಸುತ್ತು ತಿರುಗುತ್ತಿರುವಾಗ ಇಪ್ಪತ್ತನೇ ಸೆಕೆಂಡಿನ ಆಸುಪಾಸು ಅದನ್ನು ಒಮ್ಮೆಗೇ ಸುರಿಯಬೇಕು, ತೊಟ್ಟು ತೊಟ್ಟಾಗಿ ಅಲ್ಲ. ಗೋಕರ್ಣದ ಹತ್ತಿರ ಸಾಣಿಕಟ್ಟೆಯ ಆಗರದಲ್ಲಿ ಉಪ್ಪು ಕಟ್ಟುವುದನ್ನು ನೀನು ನೋಡಿರುತ್ತೀಯ. ನೀರು ನಿಧಾನ ಆರಿದರೆ ಅಲ್ಲೊಂದು ಇಲ್ಲೊಂದು ಹರಳು ಕೂತು ದೊಡ್ಡದಾಗುತ್ತಾ ಹೋಗುತ್ತದೆ, ನಡುವೆ ಸಂದಿ. ತಿನ್ನುವ ಉಪ್ಪಿಗೆ ಅದು ಚಂದ. ನಮಗೆ ಸಂದಿ ಬೇಡ, ಹಾಗಾಗಿ ಎಲ್ಲ ಕಡೆ ಒಂದೇ ಕ್ಷಣಕ್ಕೆ ಹರಳು ಹುಟ್ಟಿಸಬೇಕು. ಎರಡು ಸೆಕೆಂಡು ತಡವಾದರೆ ಆಗರವೇ ಆಗುತ್ತದೆ.

ಶಿರಸಿಯಿಂದ ಅಡಿಕೆ ಬೆಳೆಗಾರರು: ಮಾಡಿನ ಮೇಲೆ ಸೋಲಾರ್ ಹಾಕಿಸಬೇಕು ಅಂತಿದ್ದೇನೆ. ಶೇ. 34ರ ಪೆನೆಲ್ ಬರುತ್ತದೆ ಅಂತ ಪೇಪರಲ್ಲಿ ಓದಿದೆ. ಕಾಯಲಾ?

ಕಾಯಬೇಡಿ. ಆ ಶೇ. 34 ಸಿಲಿಕಾನಿನ ಮೇಲೆ ಪೆರೋವ್‌ಸ್ಕೈಟ್ ಪದರ ಕೂರಿಸಿದ ಜೋಡಿ ಕೋಶದ್ದು. ಮೇಲಿನದು ನೀಲಿ, ಹಸಿರು ಬೆಳಕನ್ನು ಹಿಡಿಯುತ್ತದೆ, ಕೆಳಗಿನದು ಕೆಂಪು ಮತ್ತು ಅದರಾಚೆಯದನ್ನು. ಚೀನಾದ ಲಾಂಗಿ ಕಂಪನಿ 2023ರಲ್ಲಿ ಶೇ. 33.9, 2024ರಲ್ಲಿ ಶೇ. 34.6 ಮುಟ್ಟಿದೆ. ಆದರೆ ಅದು ಉಗುರಿನಷ್ಟು ಚಿಕ್ಕ ಕೋಶ. ಆಕ್ಸ್‌ಫರ್ಡ್ ಪಿವಿ ಎಂಬ ಕಂಪನಿ 2024ರಲ್ಲಿ ಮಾರಾಟಕ್ಕೆ ಕಳಿಸಿದ ಮೊದಲ ಪೆನೆಲ್‌ಗಳು ಶೇ. 24.5ರವು, ಅವೂ ಅಮೆರಿಕದ ದೊಡ್ಡ ಗ್ರಾಹಕರಿಗೆ ಹೋದವು. ಈಗ ಅಂಗಡಿಯಲ್ಲಿ ಸಿಗುವ ಸಿಲಿಕಾನ್ ಶೇ. 20ರಿಂದ 23 ಕೊಡುತ್ತದೆ, 25 ವರ್ಷ ವಾರಂಟಿಯೂ ಇದೆ. ಪಿಎಂ ಸೂರ್ಯಘರ್ ಯೋಜನೆಯಲ್ಲಿ 1 ಕಿಲೋವ್ಯಾಟ್‌ಗೆ 30,000, 2ಕ್ಕೆ 60,000, 3 ಮತ್ತು ಅದಕ್ಕಿಂತ ಜಾಸ್ತಿಗೆ 78,000 ರೂಪಾಯಿ ಸಬ್ಸಿಡಿ ಇಟ್ಟಿದ್ದಾರೆ. ಅರ್ಜಿ ಹಾಕಿ ಹೆಸ್ಕಾಂಗೆ ಓಡಾಡುವುದು ಒಳ್ಳೆಯದು.

ನಿಮ್ಮ ಕಡೆ ನಿಜವಾದ ತೊಂದರೆ ಬೇರೆ. ತೆಂಗಿನ ಗರಿಯ ನೆರಳು ಪೆನೆಲ್ಲಿನ ಒಂದು ಮೂಲೆಗೆ ಬಿದ್ದರೂ ಕರೆಂಟು ತುಂಬಾ ಇಳಿಯುತ್ತದೆ. ಶೇ. 20ರದ್ದೋ 23ರದ್ದೋ ಎಂದು ತಲೆ ಕೆಡಿಸಿಕೊಳ್ಳುವ ಮುಂಚೆ ಡಿಸೆಂಬರಿನಲ್ಲಿ ಬೆಳಗ್ಗೆ ಒಂಬತ್ತಕ್ಕೆ, ಮಧ್ಯಾಹ್ನ ಮೂರಕ್ಕೆ ಮಾಡಿನ ಮೇಲೆ ನೆರಳು ಎಲ್ಲಿದೆ ನೋಡಿ. ಅಡಿಕೆ ಒಣಗಿಸುವ ಅಂಗಳದ ಬಿಸಿಲಿಗೂ ಅಡ್ಡ ಬರಬಾರದಲ್ಲ, ಮನೆಯಲ್ಲಿ ಜಗಳ ಆಗುತ್ತದೆ.

ಕಾರವಾರದಿಂದ ಒಬ್ಬ ಶಿಕ್ಷಕಿ: ಇದರಲ್ಲಿ ಸೀಸ ಇದೆ ಎಂದು ನೀವೇ ಬರೆದಿದ್ದಿರಿ. ನಮ್ಮಲ್ಲಿ ಮಳೆ, ಉಪ್ಪುಗಾಳಿ ಎರಡೂ ಇವೆ. ಪೆನೆಲ್ ಒಡೆದರೆ ಬಾವಿಗೆ ಸೀಸ ಹೋಗುವುದಿಲ್ಲವೇ?

ಬಹಳ ಒಳ್ಳೆಯ ಪ್ರಶ್ನೆ ಟೀಚರ್. ಇದಕ್ಕೆ ಸಾಮಾನ್ಯವಾಗಿ ಕೊಡುವ ಉತ್ತರ ನನಗೆ ಇಷ್ಟವಿಲ್ಲ, ಅರ್ಧ ಹೇಳಿ ಬಿಡುತ್ತಾರೆ. ಲೆಕ್ಕ ಮಾಡೋಣ. ಅರ್ಧ ಮೈಕ್ರಾನ್ ದಪ್ಪದ ಪದರ ಒಂದು ಚದರ ಮೀಟರಿಗೆ ಸುಮಾರು 2 ಗ್ರಾಂ ತೂಗುತ್ತದೆ, ಅದರಲ್ಲಿ ಮೂರನೇ ಒಂದು ಪಾಲು ಸೀಸ. ಅಂದರೆ ಮುಕ್ಕಾಲು ಗ್ರಾಂಗೂ ಕಡಿಮೆ. ಮನೆಯ ಇನ್ವರ್ಟರ್ ಬ್ಯಾಟರಿಯಲ್ಲಿ ಕಿಲೋಗಟ್ಟಲೆ ಸೀಸ ಇರುತ್ತದೆ. "ನೋಡಿ, ಏನೂ ಅಲ್ಲ" ಎಂದು ಇಲ್ಲಿಗೇ ನಿಲ್ಲಿಸುತ್ತಾರೆ.

ಆದರೆ ಬ್ಯಾಟರಿಯ ಸೀಸ ಡಬ್ಬಿಯೊಳಗಿದೆ. ಇದು ನೀರು ತಾಗಿದರೆ ಲೆಡ್ ಅಯೋಡೈಡಾಗಿ ಒಡೆಯುತ್ತದೆ, ಅದು ಸ್ವಲ್ಪ ಸ್ವಲ್ಪ ನೀರಿನಲ್ಲಿ ಕರಗುತ್ತದೆ. ಕುಡಿಯುವ ನೀರಿನಲ್ಲಿ ಸೀಸ ಲೀಟರಿಗೆ 0.01 ಮಿಲಿಗ್ರಾಂ ದಾಟಬಾರದು. ಒಂದು ಚದರ ಮೀಟರಿನ 0.7 ಗ್ರಾಂ ಪೂರ್ತಿ ಕರಗಿತು ಅಂದುಕೊಂಡರೆ 70,000 ಲೀಟರ್ ನೀರನ್ನು ಆ ಗೆರೆಗೆ ಮುಟ್ಟಿಸುತ್ತದೆ. ನಮ್ಮ ಮನೆಬಾವಿಯ ಮಟ್ಟಿಗೆ ಇದು ಸಣ್ಣ ಅಂಕಿಯಲ್ಲ. ಹಾಗಾಗಿ ಒಡೆದರೂ ಸೀಸವನ್ನು ಹಿಡಿದುಕೊಳ್ಳುವ ಅಂಟುಪದರಗಳ ಮೇಲೆ ಕೆಲಸ ನಡೆದಿದೆ. ಸೀಸದ ಬದಲು ತವರ ಹಾಕಿಯೂ ನೋಡಿದ್ದಾರೆ, ತವರ ಗಾಳಿ ತಾಗಿದರೆ ಬೇಗ ಕೆಡುತ್ತದೆ, ದಕ್ಷತೆಯೂ ಸೀಸದ್ದಕ್ಕಿಂತ ಬಹಳ ಕೆಳಗಿದೆ.

ಬಾಳಿಕೆಗೆ ಒಂದು ಪರೀಕ್ಷೆ ಇದೆ. ಪೆನೆಲ್ಲನ್ನು 85 ಡಿಗ್ರಿ ಶಾಖ, ಶೇ. 85 ತೇವಾಂಶದಲ್ಲಿ 1000 ಗಂಟೆ ಇಡುತ್ತಾರೆ. ಉಪ್ಪುಗಾಳಿಗೆ ಬೇರೆಯದೇ ಪರೀಕ್ಷೆ. ನನ್ನ ಕೇಳಿದರೆ ನಮ್ಮ ಕರಾವಳಿಗೆ ಶೇ. 26ರದ್ದು ಐದು ಮಳೆಗಾಲ ಬಾಳುವುದಕ್ಕಿಂತ ಶೇ. 18ರದ್ದು ಇಪ್ಪತ್ತೈದು ಮಳೆಗಾಲ ಬಾಳಿದರೆ ಸಾಕು. ನನ್ನ ಕ್ಷೇತ್ರದ ಕೆಲವರಿಗೆ ಈ ಮಾತು ಹಿಡಿಸುವುದಿಲ್ಲ, ದಕ್ಷತೆಯ ಅಂಕಿ ಹಾಕಿದರೆ ಪೇಪರು ಬೇಗ ಅಚ್ಚಾಗುತ್ತದೆ.

ಸಿದ್ದಾಪುರದಿಂದ ಒಬ್ಬ ಗೃಹಿಣಿ: ಉಗುರಿನಷ್ಟು ಕೋಶ ಚೆನ್ನಾಗಿ ಬಂದರೆ ಅದನ್ನೇ ದೊಡ್ಡದು ಮಾಡಲು ಏನು ಕಷ್ಟ?

ಅಕ್ಕಾ, ನೀವು ತೊಡೆದೇವು ಮಾಡಿದ್ದೀರಲ್ಲ? ಹಾಗಾದರೆ ಉತ್ತರ ಅರ್ಧ ನಿಮಗೇ ಗೊತ್ತು. ಲ್ಯಾಬಿನಲ್ಲಿ ಗಾಜನ್ನು ಗಿರ್ರನೆ ತಿರುಗಿಸಿ ದ್ರಾವಣ ಹರಡುತ್ತೇವೆ, ಮುಕ್ಕಾಲಿಗಿಂತ ಜಾಸ್ತಿ ಹೊರಗೆ ಸಿಡಿದು ದಂಡವಾಗುತ್ತದೆ. ಬಾಗಿಲಿನಷ್ಟು ಗಾಜನ್ನು ಹಾಗೆ ತಿರುಗಿಸಲಿಕ್ಕಾಗುವುದಿಲ್ಲ. ಅದಕ್ಕೇ ಒಂದು ಅಲಗು ಇಟ್ಟು ದ್ರಾವಣವನ್ನು ಎಳೆಯುತ್ತಾರೆ. ತೊಡೆದೇವಿಗೆ ಬಿಸಿ ಗಡಿಗೆಯ ಬೆನ್ನಿಗೆ ಬಟ್ಟೆ ಸುತ್ತಿದ ಕೋಲಿನಿಂದ ಹಿಟ್ಟು ಎಳೆದ ಹಾಗೆಯೇ. ಹಿಟ್ಟಿನ ಹದ, ಗಡಿಗೆಯ ಬಿಸಿ, ಕೈಯ ವೇಗ, ಮೂರರಲ್ಲಿ ಒಂದು ತಪ್ಪಿದರೂ ಒಂದು ಕಡೆ ಕಾಗದ, ಇನ್ನೊಂದು ಕಡೆ ರೊಟ್ಟಿ.

ನಾನು ಮೊದಲ ಸಲ ಅಲಗಿನಿಂದ ಎಳೆದ ಪದರ ಒಂದು ಅಂಚಿನಲ್ಲಿ ದಪ್ಪವಾಗಿ ಬಂತು. ಫೋಟೋವನ್ನು ಆಯಿಗೆ ತೋರಿಸಿದೆ. "ಕೈ ನಿಧಾನ ಆಯ್ದು" ಅಂದಳು. ಸರಿ ಅಂತ ವೇಗ ಜಾಸ್ತಿ ಮಾಡಿದೆ, ತೆಳುವಾಯಿತು. ಇನ್ನೂ ಜಾಸ್ತಿ ಮಾಡಿದೆ, ಮತ್ತೆ ದಪ್ಪವಾಯಿತು! ನಿಧಾನ ಎಳೆದರೆ ಅಲಗಿನ ಬುಡದಲ್ಲೇ ಒಣಗಿ ಗುಡ್ಡೆ ಕಟ್ಟುತ್ತದೆ, ತೀರಾ ಜೋರು ಎಳೆದರೆ ಹಸಿ ದ್ರಾವಣವೇ ಜಾಸ್ತಿ ಹಿಂದೆ ಬರುತ್ತದೆ, ನಡುವೆ ಎಲ್ಲೋ ಒಂದು ವೇಗದಲ್ಲಿ ಮಾತ್ರ ಬೇಕಾದಷ್ಟು ತೆಳು. ಆ ವೇಗ ಹುಡುಕಲು ನನಗೆ ನಾಲ್ಕು ತಿಂಗಳು ಹಿಡಿಯಿತು. ಅದೂ ಅಂಗೈಯಷ್ಟು ಗಾಜಿಗೆ.